ಕಡಿಯದೆ ಕಡಿದ ಮರ

ಕನ್ನಡ ಎಂ.ಎ. ಮಾಡಿದವನಿಂದ ಲೋಕಕ್ಕೆ ಬೇರೇನು ಪ್ರಯೋಜನ ಇದ್ದರೂ ಇಲ್ಲದಿದ್ದರೂ ಬೀದಿಯವರಿಗೆ ಒಂದು ಪ್ರಯೋಜನವಂತೂ ಉಂಟು: ಅರ್ಜಿ ಬರೆಸುವುದಕ್ಕೆ ಅವನು ಬೇಕು. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿಯ ದೀಪ ಉರಿಯದಿದ್ದರೆ, ಚರಂಡಿ ತುಂಬಿ ಹರಿದರೆ, ಕಲ್ಯಾಣ ನಗರದ ನಮ್ಮ ಅಡ್ಡರಸ್ತೆಯ ಹಿರಿಯರು ಒಂದು ಬಿಳಿಯ ಹಾಳೆ ಹಿಡಿದು ನಮ್ಮ ಮನೆಯ ಮೆಟ್ಟಿಲೇರುತ್ತಾರೆ. "ನಿಮ್ಮ ಕೈಯಲ್ಲಿ ಬರೆದರೆ ಅದರ ಗತ್ತೇ ಬೇರೆ, ಮೇಷ್ಟ್ರೇ" ಎನ್ನುತ್ತಾರೆ. ಹೊಗಳಿಕೆಗೆ ಸೋಲದ ಅಧ್ಯಾಪಕನನ್ನು ನಾನಿನ್ನೂ ಕಂಡಿಲ್ಲ, ನಾನಂತೂ ಅವನಲ್ಲ.

ಹೀಗೆ ನಾನು ಬರೆದ ಅರ್ಜಿಗಳಲ್ಲಿ 2024ರ ಮೇ ತಿಂಗಳಲ್ಲಿ ಬರೆದುದೊಂದು ಮಾತ್ರ ಮಿಕ್ಕವುಗಳಂತಿರಲಿಲ್ಲ. ಅದು ನಾಲ್ಕು ಮರಗಳ ಮರಣಶಾಸನ.

ನಮ್ಮ ಅಡ್ಡರಸ್ತೆ ಪಡುವಣಿಂದ ಮೂಡಣಕ್ಕೆ ಗೆರೆ ಎಳೆದಂತೆ ನೇರವಾಗಿ ಹೋಗುತ್ತದೆ. ಪಡುವಣ ತುದಿಯಲ್ಲಿ ಪಾಲಿಕೆಗೆ ಸೇರಿದ ಒಂದು ತುಂಡು ನೆಲವಿದೆ. ಅದರ ಅಂಚಿನಲ್ಲಿ ಎರಡು ಹೊಂಗೆ, ಒಂದು ಬೇವು, ಒಂದು ಮಳೆಮರ ಸಾಲಾಗಿ ನಿಂತಿವೆ. ಬಡಾವಣೆ ಹೊಸದಾಗಿದ್ದಾಗ ಮೊದಲು ಮನೆ ಕಟ್ಟಿದವರು ಅವನ್ನು ನೆಟ್ಟರಂತೆ. ಆ ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಮಳೆಮರದ ದಪ್ಪ ಕೊಂಬೆಯೊಂದು ಮುರಿದು, ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಬಿತ್ತು. ಪುಣ್ಯಕ್ಕೆ ಅದರ ಮೇಲೆ ಯಾರೂ ಕುಳಿತಿರಲಿಲ್ಲ. ಮರುದಿನವೇ ಎದುರುಮನೆಯ ಯಜಮಾನರ ಜಗಲಿಯಲ್ಲಿ ಸಭೆ ಸೇರಿತು. ಎದುರುಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಮಾತು ಕಡಿಮೆ, ಲೆಕ್ಕ ಖಚಿತ. ಎಲೆ ಉದುರಿ ಮೋರಿ ಕಟ್ಟುತ್ತದೆ, ಹಕ್ಕಿಗಳಿಂದ ಕಾರು ಹಾಳಾಗುತ್ತದೆ, ಈಗ ಪ್ರಾಣಕ್ಕೂ ಸಂಚಕಾರ. ಮರಗಳು ಹೋಗಬೇಕೆಂದು ತೀರ್ಮಾನವಾಯಿತು. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಮರವನ್ನು ಮುಟ್ಟುವಂತಿಲ್ಲ. ಆದುದರಿಂದ ಅರ್ಜಿ, ಅರ್ಜಿ ಎಂದಮೇಲೆ ನಾನು.

ಅಂದು ಬೆಳಗ್ಗೆ ತರಗತಿಯಲ್ಲಿ ಪಂಪನಿಗೆ ಬನವಾಸಿಯನ್ನು ನೆನಪಿಗೆ ತಂದ ಗಾಳಿಯ ವಿಷಯವಾಗಿ ಮುಕ್ಕಾಲು ಗಂಟೆ ಮೈಮರೆತು ಮಾತನಾಡಿ ಬಂದಿದ್ದೆ. ಅದೇ ಸಂಜೆ "ಸದರಿ ವೃಕ್ಷಗಳು ಸಾರ್ವಜನಿಕರ ಪ್ರಾಣಕ್ಕೂ ಆಸ್ತಿಗೂ ಅಪಾಯಕಾರಿಯಾಗಿ ಪರಿಣಮಿಸಿರುವುದರಿಂದ" ಎಂದು ಬರೆಯಲು ನನ್ನ ಲೇಖನಿ ಒಂದಿಷ್ಟೂ ತಡವರಿಸಲಿಲ್ಲ. ಬರೆದು ಮುಗಿಸಿ, ನಾನೇ ಎರಡು ಸಲ ಓದಿ ತಲೆದೂಗಿದೆನೆಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ಅರ್ಜಿ ಮೇಜಿನ ಮೇಲೆ ರುಜುಗಳಿಗಾಗಿ ಕಾಯುತ್ತಿದ್ದಾಗ ನನ್ನ ಅಕ್ಕನ ಮಗ ಬಂದ. ಅವನು ಇದೇ ಊರಿನಲ್ಲಿ ಎಂ.ಟೆಕ್. ಓದುತ್ತಿದ್ದಾನೆ. ನೀರು, ಗಾಳಿ ಮುಂತಾದ ಹರಿಯುವ ವಸ್ತುಗಳನ್ನು ಗಣಕಯಂತ್ರದಲ್ಲಿ ಹರಿಯಿಸಿ ನೋಡುವುದು ಅವನ ವ್ಯಾಸಂಗ. ಅವನು ಅರ್ಜಿಯನ್ನು ಓದಿ, "ಭಾಷೆ ಚೆನ್ನಾಗಿದೆ ಮಾವ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕಡಿದ ಮೇಲೆ ಗಾಳಿ ಏನು ಮಾಡುತ್ತದೆಂದು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದ.

"ಕಡಿಯದೆ ಹೇಗೆ ನೋಡುವುದಪ್ಪ?" ಎಂದೆ.

"ಕಡಿಯದೆಯೇ ಕಡಿದು ನೋಡಬಹುದು" ಎಂದ. ಅದಕ್ಕೆ ಸಿಮ್ಯುಲೇಷನ್ ಎನ್ನುತ್ತಾರಂತೆ.

ನನ್ನ ಕಸುಬಿನ ದೋಷ ನೋಡಿ: ಅವನು ವಿಜ್ಞಾನ ಹೇಳುತ್ತಿದ್ದರೆ ನಾನು ಆ ಪದಕ್ಕೆ ಕನ್ನಡ ಹುಡುಕುತ್ತಿದ್ದೆ. ಅನುಕರಣೆ ಎಂದರೆ ನಕಲಾಯಿತು, ಅಣಕವೆಂದರೆ ಗೇಲಿಯಾಯಿತು, ಸೋಗೆಂದರೆ ಮೋಸದ ವಾಸನೆ. ಕೊನೆಗೆ ಯಕ್ಷಗಾನದ 'ವೇಷ' ಎಂಬ ಮಾತು ಹೊಳೆಯಿತು. ವೇಷಧಾರಿ ರಾವಣನಲ್ಲ, ರಾವಣನೆಂದು ಯಾರನ್ನೂ ವಂಚಿಸುವುದೂ ಇಲ್ಲ. ಆದರೆ ರಾವಣನಾದವನು ಸೀತೆಯನ್ನು ಕದ್ದರೆ ಮುಂದೇನಾಗುತ್ತದೆಂಬುದನ್ನು ಒಂದು ರಾತ್ರಿಯಲ್ಲಿ ತೋರಿಸಿ, ಬೆಳಗಾಗುತ್ತಲೇ ಬಣ್ಣ ಕಳಚುತ್ತಾನೆ. ಲಂಕೆ ಸುಟ್ಟಿತು, ಚಪ್ಪರ ಸುಡಲಿಲ್ಲ. ನನ್ನ ಅಳಿಯ ಮಾಡಹೊರಟದ್ದೂ ಅಂಥದೇ. ಗಾಳಿಯೂ ವೇಷ, ಮರವೂ ವೇಷ. ಕಡಿದರೂ ಯಾರಿಗೂ ನಷ್ಟವಿಲ್ಲ.

ಮರುದಿನ ಭಾನುವಾರ. ಅವನು ಅಳತೆಯ ಟೇಪು ಹಿಡಿದು ಬೀದಿಗಿಳಿದ. ಟೇಪಿನ ಇನ್ನೊಂದು ತುದಿಯನ್ನು ನನ್ನ ಆರು ವರ್ಷದ ಮಗಳು ಹಿಡಿದುಕೊಂಡಳು. ಮನೆಗಳ ಎತ್ತರ, ರಸ್ತೆಯ ಅಗಲ, ಕಾಂಪೌಂಡಿನ ಗೋಡೆ, ಮರಗಳ ನಡುವಣ ಅಂತರ ಎಲ್ಲವನ್ನೂ ಗುರುತು ಹಾಕಿಕೊಂಡ. ಅನಂತರ ಒಂದೊಂದು ಮರದ ಬುಡದಲ್ಲೂ ನೆಲದ ಮೇಲೆ ಅಂಗಾತ ಮಲಗಿ, ಮೊಬೈಲಿನಲ್ಲಿ ಮೇಲುಮುಖವಾಗಿ ಚಿತ್ರ ತೆಗೆದ. ಬೀದಿಯವರು ನನ್ನತ್ತ ಅನುಕಂಪದಿಂದ ನೋಡಿದರು. ಎಲೆಗಳ ನಡುವೆ ಆಕಾಶ ಎಷ್ಟು ಕಾಣುತ್ತದೆಂಬುದರಿಂದ ಮರದಲ್ಲಿ ಎಲೆ ಎಷ್ಟು ದಟ್ಟವಾಗಿದೆಯೆಂದು ಅಂದಾಜು ಮಾಡಬಹುದಂತೆ.

ರಾತ್ರಿ ಊಟವಾದ ಮೇಲೆ ಅವನು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಬೀದಿಯಲ್ಲಿ ತುಂಬಿರುವ ಗಾಳಿಯನ್ನು ಲಕ್ಷಾಂತರ ಸಣ್ಣ ಪೆಟ್ಟಿಗೆಗಳಾಗಿ ವಿಭಾಗಿಸಿದಂತೆ ಭಾವಿಸಬೇಕು. ಪ್ರತಿ ಪೆಟ್ಟಿಗೆಯೂ ತನ್ನ ನೆರೆಹೊರೆಯ ಪೆಟ್ಟಿಗೆಗಳಿಂದ ಎಷ್ಟು ಗಾಳಿ ಬಂತು, ಯಾವ ವೇಗದಲ್ಲಿ ಬಂತು, ತಾನು ಎಷ್ಟನ್ನು ಮುಂದಕ್ಕೆ ಕಳುಹಿಸಬೇಕು ಎಂದು ಲೆಕ್ಕವಿಡುತ್ತದೆ. ಈ ಲೆಕ್ಕದ ಸೂತ್ರ ಹಳೆಯದು: 1822ರಲ್ಲಿ ಫ್ರಾನ್ಸಿನ ನೇವಿಯೇ, 1845ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸ್ ಇಟ್ಟ ತಳಹದಿ. ಸೂತ್ರವೇನೋ ಇತ್ತು, ಲೆಕ್ಕ ಮಾಡುವವರಿರಲಿಲ್ಲ. ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬವರು 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಭೂಮಂಡಲದ ಹವೆಯನ್ನು ಅದು ಬದಲಾಗುವ ವೇಗದಲ್ಲೇ ಲೆಕ್ಕ ಹಾಕಬೇಕಾದರೆ ಒಂದು ಮಹಾ ಸಭಾಂಗಣದಲ್ಲಿ 64,000 ಗುಮಾಸ್ತರು ಕುಳಿತು ಗುಣಿಸಬೇಕಾದೀತೆಂದು ಕನಸು ಕಂಡಿದ್ದರು. 'ಕಂಪ್ಯೂಟರ್' ಎಂದರೆ ಆಗ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯ! ಸ್ವತಃ ಅವರು ಆರು ಗಂಟೆಗಳ ಹವೆಯನ್ನು ವಾರಗಟ್ಟಲೆ ಶ್ರಮಪಟ್ಟು ಗುಣಿಸಿದ್ದರು. ಉತ್ತರ ತಪ್ಪಾಗಿ ಬಂದಿತ್ತು. ತಪ್ಪಾದರೂ ಬಚ್ಚಿಡದೆ ಅಚ್ಚು ಹಾಕಿಸಿದರೆಂಬುದು ಅವರ ದೊಡ್ಡತನ.

"ಸರಿ, ಮನೆಯನ್ನು ಪೆಟ್ಟಿಗೆಯೆಂದೆ, ಮರವನ್ನು ಏನೆನ್ನುತ್ತೀಯೆ?" ಎಂದು ಕೇಳಿದೆ.

"ಮರ ಗೋಡೆಯಲ್ಲ ಮಾವ. ಗಾಳಿ ಅದರೊಳಗೆ ಹಾದುಹೋಗುತ್ತದೆ. ಹೋಗುವಾಗ ಪ್ರತಿ ಎಲೆಗೂ ಸ್ವಲ್ಪ ಸ್ವಲ್ಪ ಸುಂಕ ಕಟ್ಟುತ್ತದೆ."

ಈ ಮಾತು ನನಗೆ ಬಹಳ ಹಿಡಿಸಿತು. ಮರವೆಂದರೆ ಸುಂಕದ ಕಟ್ಟೆ. ಮರ ಇರುವ ಪೆಟ್ಟಿಗೆಗಳಲ್ಲಿ ಗಾಳಿಯ ವೇಗದ ಒಂದಂಶ ಕಳೆದುಹೋಗುವಂತೆ ಯಂತ್ರಕ್ಕೆ ಹೇಳಬೇಕು. ಎಲೆ ದಟ್ಟವಾದಷ್ಟೂ ಸುಂಕ ಹೆಚ್ಚು. ಗಾಳಿಯ ವೇಗ ಎರಡರಷ್ಟಾದರೆ ಸುಂಕ ಎರಡರಷ್ಟಲ್ಲ, ನಾಲ್ಕರಷ್ಟು. ಹೀಗೆ ವಸೂಲಾದ ಶಕ್ತಿ ಎಲೆಯ ಅಲುಗಾಟವಾಗಿ, ಕೊಂಬೆಯ ತೂಗಾಟವಾಗಿ, ಸಣ್ಣ ಸಣ್ಣ ಸುಳಿಗಳಾಗಿ ಒಡೆದು, ಕೊನೆಗೆ ಯಾರ ಕಣ್ಣಿಗೂ ಬೀಳದ ಅಣುವಷ್ಟು ಶಾಖವಾಗಿ ಅಡಗುತ್ತದೆ. ಮರದಡಿ ಕುಳಿತಾಗ ನಮಗೆ ಕೇಳುವ ಆ ಸರಸರ ಸದ್ದು ಬೇರೇನೂ ಅಲ್ಲ, ಗಾಳಿ ಸುಂಕ ಕೊಡುವ ಸದ್ದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಗಾಳಿಗೂ ಸಲ್ಲುತ್ತದೆಂದು ತಿಳಿದದ್ದು ಅಂದೇ.

ಅವನು ಲೆಕ್ಕವನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿ ಮಲಗಿದ. ರಾತ್ರಿಯೆಲ್ಲ ಅದರೊಳಗಿನ ಪುಟ್ಟ ಫ್ಯಾನು ಭೋರೆಂದು ತಿರುಗುತ್ತಿತ್ತು. ಗಾಳಿಯ ಲೆಕ್ಕ ಹಾಕುವುದಕ್ಕೂ ಅದಕ್ಕೆ ಗಾಳಿ ಬೇಕಾಯಿತು!

ಬೆಳಗ್ಗೆ ಎರಡು ಚಿತ್ರಗಳು ಸಿದ್ಧವಾಗಿದ್ದವು. ಆಷಾಢದಲ್ಲಿ ಬೀಸುವಂತೆ ಎರಡರಲ್ಲೂ ಪಡುವಣ ಗಾಳಿಯನ್ನೇ ಬೀಸಿಸಿದ್ದ. ಮರಗಳಿರುವ ಚಿತ್ರದಲ್ಲಿ ನಮ್ಮ ಬೀದಿಯ ಮೊದಲ ಕೆಲವು ಮನೆಗಳ ಮುಂದೆ ಗಾಳಿಯ ಬಣ್ಣ ತಿಳಿನೀಲಿ. ನಿಧಾನದ ಗಾಳಿಗೆ ಆ ಬಣ್ಣ. ಮರಗಳನ್ನು ಅಳಿಸಿದ ಚಿತ್ರದಲ್ಲಿ ಅದೇ ಜಾಗ ಕಿತ್ತಳೆ, ನಡುವೆ ಕೆಂಪು. ಎರಡು ಸಾಲು ಮನೆಗಳ ನಡುವೆ ಗಾಳಿ ಕಾಲುವೆಯ ನೀರಿನಂತೆ ನುಗ್ಗುತ್ತಿತ್ತು. ಕೆಂಪು ಬಣ್ಣ ನಮ್ಮ ಅಂಗಳದಲ್ಲೂ ಒಂದಿಷ್ಟು ಚೆಲ್ಲಿತ್ತು. "ಇದು ಒರಟು ಲೆಕ್ಕ ಮಾವ, ಅಂಕಿಗಳನ್ನು ನಂಬಬೇಡಿ. ಯಾವ ಕಡೆ ವಾಲುತ್ತದೆ ಎಂಬುದನ್ನಷ್ಟೇ ನೋಡಿ" ಎಂದ.

ಅಂಕಿಗಳು ಬೇಕಾದವರಿಗೆ ಅವನು ಕೆನಡಾದ ವ್ಯಾಂಕೂವರ್ ನಗರದ ಉದಾಹರಣೆ ಕೊಟ್ಟ. ಅಲ್ಲಿನ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಮಾರ್ಕೊ ಜಿಯೊಮೆಟ್ಟೊ ಮತ್ತು ಸಂಗಡಿಗರು ಸನ್‌ಸೆಟ್ ಎಂಬ ಬಡಾವಣೆಯನ್ನು ಮನೆ, ಮರ ಯಾವುದನ್ನೂ ಬಿಡದೆ ಗಣಕಯಂತ್ರದಲ್ಲಿ ಕಟ್ಟಿದರು. ಅಳತೆಗೆ ಟೇಪು ಹಿಡಿಯಲಿಲ್ಲ. ಮೇಲಿನಿಂದ ಲೇಸರ್ ಕಿರಣ ಬೀರಿ ಬಡಾವಣೆಯ ಆಕಾರವನ್ನು ಗುರುತಿಸಿದ್ದರು. ಯಂತ್ರ ಕೊಟ್ಟ ಉತ್ತರವನ್ನು ಅದೇ ಬಡಾವಣೆಯ ಗೋಪುರವೊಂದರ ಮೇಲೆ ನಿಜವಾಗಿ ಅಳೆದ ಗಾಳಿಯೊಂದಿಗೆ ಹೋಲಿಸಿದರು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶ ಇದು: ಬಡಾವಣೆಯ ಮರಗಳನ್ನೆಲ್ಲ ತೆಗೆದುಹಾಕಿದರೆ ಗಾಳಿಯ ವೇಗ ಎರಡರಷ್ಟಾಗಬಹುದು, ಮನೆಯನ್ನು ಬೆಚ್ಚಗೋ ತಣ್ಣಗೋ ಇಡಲು ತಗಲುವ ಶಕ್ತಿ ಚಳಿಗಾಲದಲ್ಲಿ ಶೇಕಡ 10ರಷ್ಟು, ಬೇಸಗೆಯಲ್ಲಿ ಶೇಕಡ 15ರಷ್ಟು ಏರಬಹುದು. ಎಲೆ ಉದುರಿ ಬೋಳಾದ ಮರಗಳೂ ಗಾಳಿಯನ್ನು ತಗ್ಗಿಸುತ್ತವೆಂದು ಆ ಲೆಕ್ಕದಲ್ಲಿ ಕಂಡುಬಂತು. ಬೋಳುಮರವೂ ಸುಂಕ ಬಿಡುವುದಿಲ್ಲ!

"ಇಂಥ ವಿದ್ಯೆಗೆ ಕೆನಡಾಕ್ಕೆ ಹೋಗಬೇಕೇ?" ಎಂದೆ, ಸ್ವಲ್ಪ ಅಭಿಮಾನದಿಂದ.

ಅವನು ನಕ್ಕು, ಇಂದಿರಾನಗರದ ಪಕ್ಕದ ಕೋಡಿಹಳ್ಳಿಯ ಹೆಸರು ಹೇಳಿದ. ಅಲ್ಲಿರುವ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಗಣಕಯಂತ್ರ ಸಿದ್ಧವಾಯಿತು. ಅನೇಕ ಸಣ್ಣ ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಆ ಪದ್ಧತಿಯಲ್ಲಿ ನಮ್ಮ ದೇಶಕ್ಕೆ ಅದೇ ಮೊದಲನೆಯದು. ಗಾಳಿ ಹರಿಯುವ ಲೆಕ್ಕಕ್ಕಾಗಿಯೇ ಅದು ಹುಟ್ಟಿದ್ದು. ಮುಂದೆ ಅದರ ಪೀಳಿಗೆಯ ಯಂತ್ರಗಳು ಮುಂಗಾರಿನ ಲೆಕ್ಕಕ್ಕೂ ಕೈಹಾಕಿದವು. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಗಾಳಿಯ ಹರಿವನ್ನು ಬಲ್ಲವರಲ್ಲಿ ಲೋಕದಲ್ಲೇ ಹೆಸರಾದ ಅವರು 2020ರಲ್ಲಿ ತೀರಿಕೊಂಡರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲಿ ಒಬ್ಬರು. ಈ ವಿಷಯ ನನಗೆ ಗೊತ್ತಿತ್ತಾದುದರಿಂದ, ಆ ಸಂಭಾಷಣೆಯಲ್ಲಿ ಒಂದು ನಿಮಿಷವಾದರೂ ನಾನು ಮೇಷ್ಟರಾಗಿ ಅವನು ಶಿಷ್ಯನಾದ. ಆದರೆ ಒಡನೆಯೇ ಅವನು, 2022ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪರಮ್ ಪ್ರವೇಗ ಎಂಬ ಯಂತ್ರ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲುದೆಂದು ಹೇಳಿ ನನ್ನ ಬಾಯಿ ಮುಚ್ಚಿಸಿದ. ರಿಚರ್ಡ್‌ಸನ್ನರ 64,000 ಗುಮಾಸ್ತರು ನನ್ನ ಕಣ್ಣೆದುರಿಗೇ ಎದ್ದು ಮನೆಗೆ ಹೊರಟುಹೋದರು.

ಇಷ್ಟೆಲ್ಲ ನಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ನಮ್ಮ ಅಮ್ಮ ಚಿತ್ರದ ಕೆಂಪನ್ನೇ ನೋಡುತ್ತಿದ್ದರು. "ಅದೇ ಜಾಗದಲ್ಲಲ್ಲವೇನೋ ನಮ್ಮ ತುಳಸಿಕಟ್ಟೆ ಇರುವುದು?" ಎಂದು ಮೊಮ್ಮಗನನ್ನು ಕೇಳಿದರು. ಅವನು ಹೌದೆಂದ. "ಹೊರಮಾವಿನಲ್ಲಿ ನಿಮ್ಮ ಮನೆಗೆ ಬಂದಾಗ ಸಂಜೆ ಹಚ್ಚಿದ ದೀಪ ಒಂದು ದಿನವೂ ನಿಲ್ಲಲಿಲ್ಲ. ನಿಮ್ಮಮ್ಮ ಗಾಜಿನ ಬುಡ್ಡಿ ಮುಚ್ಚಬೇಕಾಯಿತು. ಇಲ್ಲಿ ಆಷಾಢದಲ್ಲೂ ನನ್ನ ದೀಪ ಆರಿದ್ದಿಲ್ಲ. ಅಲ್ಲಿ ಒಂದೂ ಮರವಿಲ್ಲ, ನೋಡು" ಎಂದರು.

ಅಳಿಯ ಮೇಲೆದ್ದು, "ಅಜ್ಜಿ, ನೀವು ಅಳತೆಯನ್ನು ಮೊದಲೇ ಮಾಡಿದ್ದೀರಿ" ಎಂದ. ನನಗೆ ನಾಚಿಕೆಯಾಯಿತು. ಹತ್ತು ವರ್ಷಗಳಿಂದ ಒಂದು ದೀಪ ನಮ್ಮ ಅಂಗಳದಲ್ಲಿ ಆರದೆ ಉರಿಯುತ್ತಿದೆ; ಅದಕ್ಕೆ ಕಾರಣ ಬೇಕೆಂದು ನನಗೆ ತೋಚಿರಲಿಲ್ಲ. ಇರುವ ಉಪಕಾರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಉಪಕಾರಿಯನ್ನು ಒಮ್ಮೆ ತೆಗೆದು ನೋಡಬೇಕು, ತೆಗೆದ ಮೇಲೆ ಮರಳಿ ಇಡಲಾಗುವುದಿಲ್ಲ. ಆ ಇಕ್ಕಟ್ಟಿನಿಂದ ಪಾರಾಗುವ ದಾರಿಯೊಂದನ್ನು ಮನುಷ್ಯ ಕಂಡುಹಿಡಿದಿದ್ದಾನೆ ಎಂಬುದೇ ಈ ವೇಷದ ಮಹಿಮೆ.

ಸಂಜೆ ಇಬ್ಬರೂ ಚಿತ್ರಗಳೊಡನೆ ಎದುರುಮನೆಯ ಜಗಲಿಗೆ ಹೋದೆವು. ಯಜಮಾನರು ಸಾವಧಾನವಾಗಿ ನೋಡಿದರು. "ಗಾಳಿ ತಡೆಯಬೇಕಾದರೆ ಅಲ್ಲೊಂದು ಗೋಡೆ ಕಟ್ಟಿದರಾಯಿತಲ್ಲ?" ಎಂದರು. ಅಳಿಯ ಅದಕ್ಕೂ ಸಿದ್ಧನಾಗಿದ್ದ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಹಾರಿ, ಆಚೆ ಸ್ವಲ್ಪ ದೂರದಲ್ಲೇ ಸುಳಿಸುಳಿಯಾಗಿ ಉರುಳಿಬೀಳುತ್ತದೆ. ಅರ್ಧ ತಡೆದು ಅರ್ಧ ಬಿಡುವ ಮರದ ಸಾಲಾದರೆ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯನ್ನು ಮೆತ್ತಗೆ ಮಾಡಬಲ್ಲುದು. ಹೊಲದ ಬದುವಿನಲ್ಲಿ ಮರ ಬೆಳೆಸುವ ಬಯಲುಸೀಮೆಯ ರೈತರಿಗೆ ಇದು ಗೊತ್ತು. ಕರಾವಳಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು; ಸೂಜಿಯಂಥ ಎಲೆಗಳ ಸರ್ವೆಮರವನ್ನು ಕಡಲದಂಡೆಯಲ್ಲಿ ಸಾಲುಹಿಡಿದು ಬೆಳೆಸಿ, ಅದಕ್ಕೆ 'ಗಾಳಿಮರ' ಎಂದೇ ಹೆಸರಿಟ್ಟಿದ್ದಾರೆ. ಅಳಿಯ ಪ್ರಾಮಾಣಿಕ, ಮರದ ಇನ್ನೊಂದು ಮುಖವನ್ನೂ ಮುಚ್ಚಿಡಲಿಲ್ಲ. ವಾಹನಗಳು ಕಿಕ್ಕಿರಿದ ಇಕ್ಕಟ್ಟಿನ ರಸ್ತೆಯಲ್ಲಿ ದಟ್ಟ ಮರಗಳು ಗಾಳಿಯನ್ನು ತಗ್ಗಿಸಿದರೆ ಹೊಗೆಯೂ ಅಲ್ಲೇ ನಿಲ್ಲಬಹುದು. ಹೊರವರ್ತುಲ ರಸ್ತೆಗೆ ಒಪ್ಪುವ ಲೆಕ್ಕ ನಮ್ಮ ಅಡ್ಡರಸ್ತೆಗೆ ಒಪ್ಪದು, ಇಲ್ಲಿಯದು ಅಲ್ಲಿಗೆ ಒಪ್ಪದು ಎಂದ.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲ ಸರಿ. ಆದರೆ ಮೇಷ್ಟ್ರೇ, ಈ ಯಂತ್ರದ ಗಾಳಿಗೆ ಯಂತ್ರದ ಮರ ಬೀಳುವುದಿಲ್ಲ. ನಮ್ಮ ಮರ ಬೀಳುತ್ತದೆ. ನನ್ನ ಮೊಮ್ಮಗ ದಿನವೂ ಬೆಳಗ್ಗೆ ಆ ಮಳೆಮರದ ಕೆಳಗೇ ಶಾಲೆಯ ವ್ಯಾನಿಗೆ ಕಾಯುತ್ತಾನೆ. ಅದಕ್ಕೇನು ಹೇಳುತ್ತೀರಿ?"

ನಾನು ಅಳಿಯನ ಮುಖ ನೋಡಿದೆ. ಅವನು ತಲೆ ತಗ್ಗಿಸಿ, "ನನ್ನ ಲೆಕ್ಕದಲ್ಲಿ ಬೇರು ಇಲ್ಲ, ಸರ್" ಎಂದ.

ಅಂದು ಅಲ್ಲಿ ಆಡಿದ ಮಾತುಗಳಲ್ಲೆಲ್ಲ ತೂಕವಾದ ಮಾತು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮರ ಬೀಳುವುದು ಬರಿಯ ಗಾಳಿಯಿಂದಲ್ಲ. ಚರಂಡಿಗೆಂದು, ಕೇಬಲ್ಲಿಗೆಂದು ಅಗೆದು ಬೇರನ್ನು ಕತ್ತರಿಸುತ್ತೇವೆ; ಬುಡದವರೆಗೂ ಕಾಂಕ್ರೀಟು ಸುರಿದು ನೀರೂ ಉಸಿರೂ ಹೋಗದಂತೆ ಮಾಡುತ್ತೇವೆ; ಒಂದು ಕಡೆಯ ಕೊಂಬೆಗಳನ್ನಷ್ಟೇ ಕಡಿದು ತೂಕ ತಪ್ಪಿಸುತ್ತೇವೆ. ಆಮೇಲೆ ಗಾಳಿ ಬಂದ ದಿನ ತಪ್ಪನ್ನು ಮರದ ಮೇಲೆ ಹೊರಿಸುತ್ತೇವೆ. ನಾಲ್ವರೂ ಟಾರ್ಚು ಹಿಡಿದು ಹೋಗಿ ನೋಡಿದೆವು. ಮಳೆಮರದ ಬುಡಕ್ಕೆ ಕೊರಳುಪಟ್ಟಿ ಹಾಕಿದಂತೆ ಸುತ್ತಲೂ ಕಾಂಕ್ರೀಟು ಬಿಗಿದಿತ್ತು. ಮೇಲೆ ಎರಡು ಒಣಕೊಂಬೆಗಳಿದ್ದವು. ನಾಲ್ಕನೆಯವಳು ನನ್ನ ಮಗಳು. ಟಾರ್ಚು ಅವಳ ಕೈಯಲ್ಲೇ ಇತ್ತು.

ಆ ರಾತ್ರಿ ನಾನು ಇನ್ನೊಂದು ಅರ್ಜಿ ಬರೆದೆ. ಮೊದಲಿನದರಷ್ಟು ಗತ್ತು ಅದಕ್ಕೆ ಬರಲಿಲ್ಲ. ಮರಗಳನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಒಣಗಿದ ಕೊಂಬೆಗಳನ್ನು ತೆಗೆಸಬೇಕು, ಬುಡದ ಕಾಂಕ್ರೀಟು ಒಡೆಸಿ ಮಣ್ಣು ಬಿಡಿಸಬೇಕು, ಕಡಿಯಬಾರದು. ಇಷ್ಟೇ. ರುಜು ಹಾಕಿಸಲು ಮನೆಮನೆಗೆ ಅಲೆದೆ. ಕೆಲವರು ಹಾಕಿದರು; ಕೆಲವರು, "ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತೀರಲ್ಲ, ಮೇಷ್ಟ್ರೇ" ಎಂದು ನಕ್ಕರು. ಎದುರುಮನೆಯವರು ಎಲ್ಲರಿಗಿಂತ ಕೊನೆಗೆ ರುಜು ಹಾಕಿದರು, ಒಂದು ಷರತ್ತಿನ ಮೇಲೆ: ಶಾಲೆಯ ವ್ಯಾನು ಇನ್ನುಮುಂದೆ ಬೀದಿಯ ಮೂಡಣ ತುದಿಯಲ್ಲಿ ನಿಲ್ಲಬೇಕು. ಸಭೆಯಲ್ಲಿ ನಾವು ಯಾರೂ ಆಲೋಚಿಸದೆ ಇದ್ದ ಸುಲಭ ಉಪಾಯ ಅದು. ಪರೀಕ್ಷೆಗೆ ಬಂದವರು ಮರಗಳು ಸದ್ಯಕ್ಕೆ ಗಟ್ಟಿಯಾಗಿವೆಯೆಂದರು. ಒಣಕೊಂಬೆಗಳು ಇಳಿದವು. ಕಾಂಕ್ರೀಟು ಒಡೆಯುವ ಕೆಲಸ ಬೀದಿಯ ಹುಡುಗರ ಪಾಲಿಗೆ ಬಂತು.

ಆಷಾಢ ಬಂತು. ದೊಡ್ಡಬಳ್ಳಾಪುರದ ಕಡೆ ಗಾಳಿಪಟ ಹಾರಿಸುವ ಆ ಗಾಳಿ ನಮ್ಮ ಬೀದಿಗೂ ಬಂತು. ಮರಗಳ ಸಾಲಿನಲ್ಲಿ ಸುಂಕ ಕಟ್ಟಿ, ಅಂಗಳಕ್ಕೆ ಬರುವಷ್ಟರಲ್ಲಿ ಬಡವಾಗಿತ್ತು. ಅಮ್ಮನ ದೀಪ ಬಾಗಿತು, ಆರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಲೇಖನಕ್ಕೆ ಶೋಭೆಯಿತ್ತು. ಆದರೆ ಇನ್ನೊಂದು ವಿಷಯವನ್ನೂ ಹೇಳಬೇಕು. ಮರಗಳು ಉಳಿದ ಮೇಲೆ ಅವು ನನ್ನ ಹೊಣೆಯಾಗಿವೆ. ಮೊದಲಾದರೆ ಗಾಳಿ ಬೀಸಿದ ರಾತ್ರಿ ಸೊಗಸಾಗಿ ನಿದ್ದೆ ಹೋಗುತ್ತಿದ್ದೆ. ಈಗ ಕೊಂಬೆ ಕಿರ್ರೆಂದರೆ ಎಚ್ಚರವಾಗುತ್ತದೆ. ಕಿಟಕಿಯ ಬಳಿ ಹೋಗಿ ನಿಂತು, ಕತ್ತಲಲ್ಲಿ ಮಳೆಮರ ತೂಗುವುದನ್ನು ನೋಡುತ್ತೇನೆ. ಅಳಿಯನ ಲೆಕ್ಕದಲ್ಲಿ ಬೇರಿರಲಿಲ್ಲ ಎಂಬುದು ನೆನಪಾಗುತ್ತದೆ.

ಮೊನ್ನೆ ಹಾಗೆ ನಿಂತಿದ್ದಾಗ ಎದುರುಮನೆಯ ಕಿಟಕಿಯಲ್ಲೂ ದೀಪ ಉರಿಯುತ್ತಿತ್ತು. ಯಜಮಾನರು ಅಲ್ಲಿ ನಿಂತು ಮರದ ಕಡೆಗೇ ನೋಡುತ್ತಿದ್ದರು. ನನ್ನನ್ನು ಕಂಡು ಕೈಯೆತ್ತಿದರು. ನಾನೂ ಎತ್ತಿದೆ. ಗಾಳಿ ಸ್ವಲ್ಪ ಇಳಿಯುವವರೆಗೂ ಇಬ್ಬರೂ ಅಲ್ಲಿಯೇ ನಿಂತಿದ್ದೆವು.